ಲಾಂಗ್ ವೀಕೆಂಡ್ ಅಂದ್ರೆ ಊರು ಬಿಡೋದಷ್ಟೇನಾ?

ಗುಡ್ ಫ್ರೈಡೆ ಯಾವತ್ತು ಅಂತ ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತು. ಜನವರಿಯಲ್ಲೇ ಕ್ಯಾಲೆಂಡರ್ ನೋಡಿ, ಗೋಕರ್ಣನೋ ಚಿಕ್ಕಮಗಳೂರೋ ಅಂತ ವಾಟ್ಸಾಪ್‌ನಲ್ಲಿ ಪೋಲ್ ಹಾಕೋದು ನಾವೇ. ಗುರುವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಒದ್ದಾಡೋದೂ ನಾವೇ. ಊರಲ್ಲಿ ಉಳಿದವರಿಗೆ ಹೋಟೆಲ್‌ಗಳ ಈಸ್ಟರ್ ಬ್ರಂಚ್ ಇದೆ, ಆದ್ರೆ ಆ ದುಡ್ಡಲ್ಲಿ ನಮ್ಮಂಥವರು ಒಂದು ವಾರ ಊಟ ಮಾಡಬಹುದು. ಎರಡೂ ಬೇಡ, ಆ ಮೂರು ದಿನ ಬೆಂಗಳೂರನ್ನೇ ಸುತ್ತೋಣ ಅನ್ನೋದು ನಮ್ಮ ವಾದ.

ಮೊದಲು ಒಂದು ಮಾತು. ಶುಕ್ರವಾರ 'ಹ್ಯಾಪಿ ಗುಡ್ ಫ್ರೈಡೆ' ಅಂತ ಸ್ಟೇಟಸ್ ಹಾಕಬೇಡಿ. ಅದು ಏಸುವನ್ನು ಶಿಲುಬೆಗೇರಿಸಿದ ದಿನ, ಉಪವಾಸದ ದಿನ. ಅವತ್ತು ಫ್ರೇಜರ್ ಟೌನ್ ಕಡೆ ಹೋಗಿ (ದಾಖಲೆಯಲ್ಲಿ ಪುಲಕೇಶಿನಗರ, ಹಾಗಂದ್ರೆ ಆಟೋದವರಿಗೂ ಗೊತ್ತಾಗಲ್ಲ), ಮೇಲೆ ಶಿಲುಬೆ ಗುರುತಿರುವ ಬನ್ ತಿನ್ನಿ. ಸಾಕು.

ಮಜಾ ಇರೋದು ಶನಿವಾರ. ಸಂಜೆ ಶಿವಾಜಿನಗರದಲ್ಲಿ ಇಳಿದು ರಸೆಲ್ ಮಾರ್ಕೆಟ್ಟಿನ ಹೂವು, ಹಣ್ಣಿನ ಸಾಲುಗಳನ್ನ ದಾಟಿದರೆ ಅಲ್ಲೇ ಸೇಂಟ್ ಮೇರೀಸ್ ಬೆಸಿಲಿಕಾ, 1882ರ ಕಟ್ಟಡ. ಇಲ್ಲಿ ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲೂ ಪೂಜೆ ನಡೆಯುತ್ತೆ. ಕನ್ನಡ ಕ್ರೈಸ್ತರು ಈಸ್ಟರನ್ನು ಪಾಸ್ಖ ಹಬ್ಬ ಅಂತಾರೆ. ಪಾಮ್ ಸಂಡೆ ಗರಿಗಳ ಭಾನುವಾರ, ಈಸ್ಟರಿಗೆ ಮುಂಚಿನ ನಲವತ್ತು ದಿನ ತಪಸ್ಸು ಕಾಲ. ಎಷ್ಟು ಚೆಂದದ ಪದಗಳು! ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಇವನ್ನ ಯಾರೂ ಹೇಳಿಕೊಟ್ಟಿಲ್ಲ. ನವೆಂಬರ್‌ನಲ್ಲಿ ಮಾತ್ರ ಬಾವುಟ ಹಿಡಿಯೋ ಕನ್ನಡ ಸಂಘಗಳೂ ಹೇಳಲ್ಲ.

ರಾತ್ರಿಯ ಜಾಗರಣೆ ಪೂಜೆಯನ್ನಂತೂ ಒಮ್ಮೆ ನೋಡಲೇಬೇಕು. ಚರ್ಚಿನ ದೀಪಗಳೆಲ್ಲ ಆರಿರುತ್ತವೆ. ಹೊರಗೆ ಬೆಂಕಿ ಹಚ್ಚಿ, ಅದರಿಂದ ಒಂದು ದೊಡ್ಡ ಮೇಣದಬತ್ತಿ ಬೆಳಗಿಸಿ ಒಳಗೆ ತರ್ತಾರೆ. ಅದರಿಂದ ಪಕ್ಕದವರ ಬತ್ತಿ, ಅವರಿಂದ ಇನ್ನೊಬ್ಬರದು. ಕತ್ತಲೆ ಹೀಗೆ ಸಾಲುಸಾಲಾಗಿ ಕರಗುತ್ತೆ. ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ (ನಮಗೆ ಅಭ್ಯಾಸ ಇದ್ದೇ ಇದೆ), ಮೊಬೈಲ್ ಜೇಬಲ್ಲಿರಲಿ.

ಇನ್ನೊಂದು ವಿಷಯ. ಮಾರ್ಚ್ 21ರ ಮೇಲೆ ಬರುವ ಹುಣ್ಣಿಮೆ ಕಳೆದ ಭಾನುವಾರ ಈಸ್ಟರ್; ಚೈತ್ರ ಹುಣ್ಣಿಮೆಗೆ ಕರಗ. ಕೆಲವು ವರ್ಷ ತಿಂಗಳ ಅಂತರ ಬಿದ್ದರೂ ಎಷ್ಟೋ ಸಲ ಎರಡೂ ಒಂದೇ ಹುಣ್ಣಿಮೆಗೆ ಬರುತ್ತವೆ. 2022ರಲ್ಲಿ ಶನಿವಾರ ರಾತ್ರಿ ಕರಗ, ಬೆಳಗಾದರೆ ಈಸ್ಟರ್. ಆ ರಾತ್ರಿ ಶಿವಾಜಿನಗರದಲ್ಲಿ ಮೇಣದಬತ್ತಿ, ತಿಗಳರಪೇಟೆಯಲ್ಲಿ ಮಲ್ಲಿಗೆ. ಕರಗ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತೆ. ಇಂಥ ರಾತ್ರಿ ಬಿಟ್ಟು ನಾವು ಗೋಕರ್ಣದ ಟ್ರಾಫಿಕ್ಕಲ್ಲಿ ಯಾಕಿರಬೇಕು?

ಭಾನುವಾರದ್ದು ಊಟದ ವಿಷಯ. ನಲವತ್ತು ದಿನ ಮಾಂಸ ಬಿಟ್ಟಿದ್ದ ಗೆಳೆಯರ ಮನೆಗೆ ಕರೆಸಿಕೊಳ್ಳಿ, ನಾಚಿಕೆ ಬೇಡ. ಸೋಮವಾರ ಇಂಟರ್ನಲ್ಸ್ ಅಂತ ಮಂಗಳೂರಿಗೆ ಹೋಗಲಾಗದೆ ಹಾಸ್ಟೆಲಲ್ಲೇ ಉಳಿದ ಹುಡುಗರೂ ಇರ್ತಾರೆ. ಯುಗಾದಿಗೆ ಮೆಸ್ಸಲ್ಲಿ ಹೋಳಿಗೆ ಆಗುತ್ತೆ, ಈಸ್ಟರಿಗೆ ಅದೇ ಭಾನುವಾರದ ಪಲಾವ್. ಅವರಿಗೆ ಗೋಡಂಬಿ ಮಾರ್ಜಿಪಾನ್ ಮೊಟ್ಟೆ ತಂದುಕೊಡಿ, ಶನಿವಾರ ರಾತ್ರಿ ಅವರನ್ನೇ ಮುಂದೆ ಬಿಟ್ಟು ಹೊರಡಿ. ವಾಪಸ್ ಬರುವಾಗ ಬಸ್ ಸಿಗೋದು ಕಷ್ಟ, ಆಟೋಗೆ ಮೂರು ಜನ ಸೇರಿದ್ರೆ ಲೆಕ್ಕ ಸರಿಹೋಗುತ್ತೆ.