ಭಾರದ ಗಾಳಿ, ನೀಲಿ ಸಿಲಿಂಡರು

ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಊರುಗಳಲ್ಲಿ ದೊಡ್ಡ ಅಡುಗೆಯೆಂದರೆ ಒಂದು ಕಾಲಕ್ಕೆ ಕಲ್ಲಿನ ಒಲೆ ಮತ್ತು ಬಂಡಿ ಕಟ್ಟಿಗೆ. ಈಗ ಖಾನಾವಳಿ, ಮಿರ್ಚಿ ಅಂಗಡಿ, ಶಾಲೆಯ ಬಿಸಿಯೂಟದ ಕೋಣೆ, ಮದುವೆಯ ಚಪ್ಪರ ಎಲ್ಲ ಕಡೆಗೂ ಗ್ಯಾಸ್ ಬಂದಿದೆ. ಅಡುಗೆಯವರ ಕಣ್ಣುರಿ ತಪ್ಪಿತು, ಒಳ್ಳೆಯದೇ ಆಯಿತು. ಆದರೆ ಕಟ್ಟಿಗೆಯ ಬೆಂಕಿ ಕಣ್ಣಿಗೆ ಕಾಣುತ್ತದೆ. ಸೋರಿದ ಗ್ಯಾಸ್ ಕಾಣುವುದಿಲ್ಲ.

2024ರ ಡಿಸೆಂಬರ್ 22ರ ರಾತ್ರಿ ಹುಬ್ಬಳ್ಳಿಯ ಸಾಯಿನಗರದಲ್ಲಿ ಒಂಬತ್ತು ಮಂದಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕೋಣೆಯಲ್ಲಿ ಸಿಲಿಂಡರ್ ಸೋರಿ ಬೆಂಕಿ ಹೊತ್ತಿತು. ಅವರಲ್ಲಿ ಎಂಟು ಮಂದಿ ಬದುಕಲಿಲ್ಲ. ಅದು ಹೋಟೆಲಲ್ಲ, ಭಕ್ತರು ತಂಗಿದ್ದ ಜಾಗ. ಹಾಗಿದ್ದ ಮೇಲೆ ದಿನವಿಡೀ ಹತ್ತು ಬರ್ನರ್ ಉರಿಯುವ ಅಡುಗೆಮನೆಯಲ್ಲಿ ಎಷ್ಟು ಎಚ್ಚರ ಬೇಕು? “ಇಷ್ಟು ವರ್ಷ ಏನೂ ಆಗಿಲ್ಲಲ್ರೀ” ಎನ್ನುವ ಮಾತು ಎಚ್ಚರವಲ್ಲ, ಅದೃಷ್ಟದ ಲೆಕ್ಕ.

ಮೊದಲು ಈ ಗ್ಯಾಸಿನ ಗುಣ ತಿಳಿಯಬೇಕು. ಇದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಆದ್ದರಿಂದ ಸೋರಿದರೆ ಹೊಗೆಯಂತೆ ಮೇಲೇರದೆ ನೀರಿನಂತೆ ನೆಲದ ಮೇಲೆ ಹರಡಿ, ತಗ್ಗಿನಲ್ಲಿ, ಗಟಾರದಲ್ಲಿ ನಿಲ್ಲುತ್ತದೆ. ಛಾವಣಿಯ ಹತ್ತಿರದ ಎಕ್ಸಾಸ್ಟ್ ಫ್ಯಾನು ಒಗ್ಗರಣೆಯ ಹೊಗೆಗೆ ಸರಿ, ಈ ಗ್ಯಾಸಿಗೆ ಸಾಲದು. ನೆಲಕ್ಕೆ ಹತ್ತಿಕೊಂಡು ಗೋಡೆಯಲ್ಲಿ ಜಾಲರಿಯ ಕಿಂಡಿ ಇರಲೇಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. ಹತ್ತು ಅಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ. ಅದರಲ್ಲಿ ಶೇಕಡಾ 2ರಷ್ಟು ಗ್ಯಾಸ್ ಸೇರಿದರೆ ಕಿಡಿಗೆ ಸಿದ್ಧ. ತೂಕದಲ್ಲಿ ಅದು ಒಂದೂಕಾಲು ಕಿಲೋ ಮಾತ್ರ. ಹೋಟೆಲಿನ ನೀಲಿ ಸಿಲಿಂಡರಿನಲ್ಲಿರುವುದು 19 ಕಿಲೋ! ನೆಲದ ಮಟ್ಟದಲ್ಲೇ ಅದು ದಟ್ಟವಾಗುವುದರಿಂದ ಇನ್ನೂ ಕಡಿಮೆ ಸೋರಿದರೂ ಅಪಾಯ ತಪ್ಪಿದ್ದಲ್ಲ.

ಆದ್ದರಿಂದ ಸಿಲಿಂಡರುಗಳಿಗೆ ಒಲೆಯ ಬುಡ ಜಾಗವಲ್ಲ. ಅಡುಗೆಮನೆಯ ಹೊರಗೆ, ಗಟಾರದಿಂದ ದೂರ, ನೆಲಮಟ್ಟದಲ್ಲಿ ಗಾಳಿಯಾಡುವ, ಬೀಗ ಹಾಕಬಹುದಾದ ಗೂಡು ಕಟ್ಟಿಸಿ ಅಲ್ಲಿ ನೆಟ್ಟಗೆ ನಿಲ್ಲಿಸಬೇಕು. ನೆಲಮಾಳಿಗೆಯಂತೂ ಬೇಡವೇ ಬೇಡ. ಅಲ್ಲಿಂದ ಒಳಕ್ಕೆ ಲೋಹದ ಪೈಪು. ರಬ್ಬರ್ ಕೊಳವೆಯನ್ನು ಗೋಡೆಯೊಳಗೆ ತೂರಿಸಬಾರದು. ಪ್ರತಿ ಒಲೆಗೂ ಒಂದು ವಾಲ್ವ್, ಬಾಗಿಲ ಬಳಿ ಎಲ್ಲರ ಕೈಗೆಟಕುವಂತೆ ಒಂದು ಮುಖ್ಯ ವಾಲ್ವ್. ದೊಡ್ಡ ಬರ್ನರಿಗೆ ಅದರ ಒತ್ತಡಕ್ಕೆ ತಕ್ಕ ರೆಗ್ಯುಲೇಟರೇ ಬೇಕು, ಮನೆಯದು ನಡೆಯದು. ಮನೆಯ 14.2 ಕಿಲೋ ಕೆಂಪು ಸಿಲಿಂಡರನ್ನು ಹೋಟೆಲಿಗೆ ಬಳಸುವುದು ಕಾನೂನಿಗೂ ವಿರುದ್ಧ. ಜೋಡಣೆಯನ್ನು ಪರಿಣತ ಮೆಕ್ಯಾನಿಕ್ಕನಿಂದಲೇ ಮಾಡಿಸಿ, ಗ್ಯಾಸ್ ಬಿಡುವ ಮೊದಲು ಪೈಪಿನ ಒತ್ತಡ ಪರೀಕ್ಷೆ ಮಾಡಿಸಬೇಕು. ಆಮೇಲೆ ಪ್ರತಿ ಕೀಲಿಗೂ ಸಾಬೂನು ನೀರು ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಸೋರಿಕೆ. ಕಡ್ಡಿ ಗೀರಿ ನೋಡುವ ಜಾಣತನ ಯಾರಿಗೂ ಬೇಡ.

ಮದುವೆಯ ಅಡುಗೆಯಲ್ಲಿ ಇನ್ನೊಂದು ಚಾಳಿಯುಂಟು. ದೊಡ್ಡ ಭಟ್ಟಿ ಒಂದೇ ಸಮನೆ ಉರಿದಾಗ ಸಿಲಿಂಡರಿನ ಮೈ ತಣ್ಣಗಾಗಿ ಹಿಮಗಟ್ಟುತ್ತದೆ, ಉರಿ ಕುಗ್ಗುತ್ತದೆ. ಕೂಡಲೇ ಅದಕ್ಕೆ ಬಿಸಿನೀರು ಸುರಿಯುತ್ತಾರೆ, ಇಲ್ಲವೇ ಅಡ್ಡ ಮಲಗಿಸುತ್ತಾರೆ. ಒಳಗಿನ ದ್ರವ ಆವಿಯಾಗಲು ಶಾಖ ಬೇಕು. ಅದನ್ನು ಸಿಲಿಂಡರಿನಿಂದಲೇ ಹೀರಿಕೊಳ್ಳುವುದರಿಂದ ಈ ತಂಪು. ಬಿಸಿ ಮಾಡಿದರೆ ಒಳಗಿನ ಒತ್ತಡ ಏರುತ್ತದೆ. ಮಲಗಿಸಿದರೆ ಆವಿಯ ಬದಲು ದ್ರವವೇ ಹೊರಬಂದು ಜ್ವಾಲೆ ಭುಗಿಲೇಳುತ್ತದೆ. ಎರಡು ಮೂರು ಸಿಲಿಂಡರುಗಳನ್ನು ಸರಿಯಾದ ಮ್ಯಾನಿಫೋಲ್ಡಿನಿಂದ ಒಟ್ಟಿಗೆ ಜೋಡಿಸಿದರೆ ಪ್ರತಿಯೊಂದರ ಮೇಲಿನ ಹೊರೆ ತಗ್ಗುತ್ತದೆ. ಅದೇ ಸರಿಯಾದ ದಾರಿ.

ಗ್ಯಾಸಿಗೆ ತನ್ನದೇ ವಾಸನೆಯಿಲ್ಲ. ನಮ್ಮನ್ನು ಎಚ್ಚರಿಸಲೆಂದೇ ಮರ್ಕ್ಯಾಪ್ಟನ್ ಬೆರೆಸುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ ಸಿಡಿದು ಸುಮಾರು 300 ಮಂದಿ, ಹೆಚ್ಚಿನವರು ಮಕ್ಕಳೇ, ಸತ್ತರು. ವಾಸನೆ ಬೆರೆಸುವುದು ಕಡ್ಡಾಯವಾದದ್ದು ಆ ಬಳಿಕ. ಆ ನಾತ ಮೂಗಿಗೆ ಬಡಿದರೆ ಲೈಟು, ಫ್ಯಾನು ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂ ಬಾರದು. ಒಲೆ ಆರಿಸಿ, ವಾಲ್ವ್ ಮುಚ್ಚಿ, ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕಳಿಸಿ, ದೂರದಿಂದ 1906ಕ್ಕೆ ಫೋನ್ ಮಾಡಬೇಕು.

ರಾತ್ರಿ ಕಡೆಯ ಗಿರಾಕಿ ಎದ್ದುಹೋದ ಮೇಲೆ ಖಾನಾವಳಿಯ ಯಜಮಾನರು ಗಲ್ಲೆಗೆ ಬೀಗ ಹಾಕಿದೆವೋ ಇಲ್ಲವೋ ಎಂದು ಎರಡು ಸಲ ನೋಡುತ್ತಾರೆ. ಅಡುಗೆಮನೆಯಲ್ಲಿಯೇ ಮಲಗುವ ಹುಡುಗನ ಹಾಸಿಗೆಯನ್ನು ಮೊದಲು ಅಲ್ಲಿಂದ ತೆಗೆಸಿ, ಸಿಲಿಂಡರಿನ ವಾಲ್ವನ್ನೂ ಒಂದು ಸಲ ಮುಟ್ಟಿ ನೋಡಲಿ.