ಸಿನಿಮಾ ಹೇಗಿತ್ತು ಅಂತ ನಿಮ್ಮನ್ನು ಕೇಳಿದ್ರಾ?

ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಟೀವಿ ಮುಂದೆ ಕೂತು ಒಂದು ಸಿನಿಮಾ ನೋಡ್ತೀರಿ. ಮುಗಿದ ಕೂಡಲೇ ತೀರ್ಪು ಶುರು. ಯಜಮಾನರು ‘ತುಂಬಾ ಸ್ಲೋ’ ಅಂತಾರೆ. ಮಗ ‘ಒಂದು ಫೈಟೂ ಇಲ್ಲ’ ಅಂತಾನೆ. ನೀವು? ಆಗಲೇ ಕಾಫಿಗೆ ಹಾಲಿಡಲು ಎದ್ದಿರುತ್ತೀರಿ! ನಿಮ್ಮ ಅಭಿಪ್ರಾಯ ಯಾರೂ ಕೇಳಲಿಲ್ಲ, ನೀವೂ ಹೇಳಲಿಲ್ಲ.

ಅದರಲ್ಲೇನು ಮಹಾ, ಬರೀ ಸಿನಿಮಾ ತಾನೇ ಅನ್ನಬೇಡಿ. ಈಚಿನ ವರ್ಷಗಳಲ್ಲಿ ಬಂದ ಕೆಲವು ಚಿತ್ರಗಳು ನಮ್ಮ ಅಡುಗೆಮನೆಯ ಬಗ್ಗೆಯೇ ಇವೆ. ಅವುಗಳ ಬಗ್ಗೆ ಮಾತಾಡಲು ನಮಗಿಂತ ಅರ್ಹರು ಯಾರಿದ್ದಾರೆ ಹೇಳಿ?

2021ರ ಮಲಯಾಳಂ ಚಿತ್ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ನೋಡಿ. ಮಾವನಿಗೆ ಕುಕ್ಕರ್ ಅನ್ನ ಸೇರಲ್ಲ, ಸೌದೆ ಒಲೆಯಲ್ಲೇ ಬೇಯಬೇಕು. ಮಿಕ್ಸಿ ಚಟ್ನಿ ರುಚಿಸಲ್ಲ. ಅವರ ಬಟ್ಟೆಯನ್ನು ಕೈಯಲ್ಲೇ ಒಗೆಯಬೇಕು. ಸೋರುವ ಸಿಂಕ್ ರಿಪೇರಿ ಮಾಡಿಸಿ ಅಂತ ಸೊಸೆ ಎಷ್ಟು ಸಲ ಹೇಳಿದರೂ ಗಂಡನಿಗೆ ನೆನಪಿರಲ್ಲ. ‘ಬರೀ ಪಾತ್ರೆ ತೊಳೆಯೋದೇ ತೋರಿಸ್ತಾರೆ, ಬೋರು’ ಅನ್ನುವವರಿಗೆ ನಗುತ್ತಲೇ ಕೇಳಿ: ಎರಡು ಗಂಟೆ ನೋಡೋಕೇ ಬೋರಾದ್ರೆ, ದಿನಾ ಮಾಡೋರಿಗೆ ಹೇಗಿರಬೇಡ? ಕೊನೆಗೆ ಸೊಸೆ ಮನೆ ಬಿಟ್ಟು ಹೊರಡುತ್ತಾಳೆ. ಹಾಗಂತ ನೋಡಿದವರೆಲ್ಲ ಸೂಟ್‌ಕೇಸ್ ತುಂಬಿಸಬೇಕಿಲ್ಲ. ಸಿಂಕ್ ರಿಪೇರಿಯನ್ನಾದರೂ ಮಾಡಿಸಬಹುದಲ್ಲ!

ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’ (2024) ಹಗುರವಾದ ಚಿತ್ರ. ಮುಖದ ತುಂಬ ಸೆರಗು ಹೊದ್ದ ಇಬ್ಬರು ಮದುಮಗಳು ರೈಲಿನಲ್ಲಿ ಅದಲುಬದಲಾಗುತ್ತಾರೆ. ನಕ್ಕು ನಕ್ಕು ಸಾಕಾಗುತ್ತೆ. ಆದರೆ ನಡುವೆ ಮನೆಯ ಹಿರಿಯಾಕೆ, ತನಗೆ ಏನು ತಿನ್ನೋದು ಇಷ್ಟ ಅನ್ನೋದೇ ಮರೆತುಹೋಗಿದೆ ಅನ್ನುವ ಮಾತು ಬರುತ್ತೆ. ಅಲ್ಲಿ ನಗು ನಿಂತುಬಿಡುತ್ತದೆ. ಗಂಡನಿಗೆ ಬೆಂಡೆಕಾಯಿ ಆಗಲ್ಲ, ಮಗಳಿಗೆ ಉಪ್ಪಿಟ್ಟು ಆಗಲ್ಲ ಅಂತ ನಮಗೆಲ್ಲ ಬಾಯಿಪಾಠ. ನಮಗೇನಿಷ್ಟ ಅಂತ ಯಾರಾದರೂ ಥಟ್ಟನೆ ಕೇಳಿದರೆ?

ಇನ್ನು ತಾಪ್ಸಿ ಪನ್ನು ಅಭಿನಯದ ‘ಥಪ್ಪಡ್’ (2020). ಪಾರ್ಟಿಯಲ್ಲಿ ಎಲ್ಲರೆದುರು ಗಂಡ ಒಂದು ಏಟು ಹೊಡೆಯುತ್ತಾನೆ, ಹೆಂಡತಿ ವಿಚ್ಛೇದನ ಕೇಳುತ್ತಾಳೆ. ‘ಒಂದು ಏಟಿಗೆ ಡಿವೋರ್ಸಾ? ಇದು ಅತಿಯಾಯ್ತು’ ಅನ್ನುವ ಮಾತು ನಿಮ್ಮ ಮನೆಯಲ್ಲೂ ಬರಬಹುದು. ವಿಚ್ಛೇದನ ಸರಿಯೋ ತಪ್ಪೋ, ಚರ್ಚೆ ಇರಲಿ. ಆದರೆ ಹೊಡೆದದ್ದು ತಪ್ಪು ಅಂತ ಮೊದಲು ಸ್ಪಷ್ಟವಾಗಿ ಹೇಳಿಬಿಡಿ. ಏಕೆಂದರೆ ಪಕ್ಕದಲ್ಲಿ ಮಗಳು ಕೂತಿರುತ್ತಾಳೆ. ನೀವು ಸುಮ್ಮನಿದ್ದರೆ ಅಮ್ಮನ ಅಭಿಪ್ರಾಯವೂ ಇದೇ ಅಂದುಕೊಳ್ಳುತ್ತಾಳೆ. ನಾಳೆ ಅವಳ ಬಾಳಲ್ಲಿ ಅಂಥದ್ದೇನಾದರೂ ಆದರೆ ನಿಮ್ಮ ಹತ್ತಿರ ಹೇಳಿಕೊಳ್ಳಲು ಹಿಂಜರಿದಾಳು. ಮಗನೂ ಅಷ್ಟೇ, ಕೇಳಿಸಿಕೊಳ್ಳುತ್ತಲೇ ಬೆಳೆಯುತ್ತಾನೆ.

ನಿಮ್ಮ ಗಂಡನನ್ನೋ ಅತ್ತೆಯನ್ನೋ ನೇರವಾಗಿ ಅಂದರೆ ಜಗಳ. ಅದೇ ಮಾತನ್ನು ಸಿನಿಮಾದ ಗಂಡನ ಬಗ್ಗೆ, ಸಿನಿಮಾದ ಅತ್ತೆಯ ಬಗ್ಗೆ ಹೇಳಿದರೆ ಕೋಪ ಬರೋದು ಕಡಿಮೆ, ಅರ್ಥ ಆಗಬೇಕಾದವರಿಗೆ ಅರ್ಥ ಆಗುತ್ತೆ! ಕಲೆ, ಕ್ಯಾಮೆರಾ ಗೊತ್ತಿರಬೇಕಿಲ್ಲ. ಯಾವ ದೃಶ್ಯ ಹಿಡಿಸಿತು, ಯಾವುದು ಹಿಡಿಸಲಿಲ್ಲ, ಯಾಕೆ, ಇಷ್ಟು ಹೇಳಿದರೆ ಸಾಕು. ಮುಂದಿನ ವಾರದ ಸಿನಿಮಾವನ್ನು ನೀವೇ ಆರಿಸಿ. ಬೇಡ ಅಂದವರು ಯಾಕೆ ಬೇಡ ಅಂತ ಹೇಳಲಿ ನೋಡೋಣ.