ಡಿಸ್ಕ್ ಅಲ್ಲಿಯದು, ಪ್ಲೇಯರ್ ಇಲ್ಲಿಯದು

ಬಸವನಗುಡಿ, ಮಲ್ಲೇಶ್ವರದ ಎಷ್ಟೋ ಮನೆಗಳ ಬೀರುವಿನಲ್ಲಿ ಅಮೆರಿಕದಿಂದ ಮಕ್ಕಳು ತಂದ ಡಿವಿಡಿಗಳಿವೆ. ಇಲ್ಲಿನ ಪ್ಲೇಯರಿನಲ್ಲಿ ಓಡದಿದ್ದರೆ ಕೆಟ್ಟಿವೆಯೆಂದು ಎಸೆಯಬೇಡಿ. ಸಿನಿಮಾ ಕಂಪನಿಗಳು ಜಗತ್ತನ್ನೇ ವಲಯಗಳಾಗಿ ಹಂಚಿದ್ದವು: ಅಮೆರಿಕ 1, ಭಾರತ 5. ಮನೆಯವರೇ ತೆಗೆದ ಮದುವೆ, ನಾಮಕರಣದ ಡಿಸ್ಕಿಗೆ ಸಾಮಾನ್ಯವಾಗಿ ಈ ಬೀಗವಿಲ್ಲ. ಅಲ್ಲಿ ತೊಡಕು ಬೇರೆ. ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆ, ನಮ್ಮ ಪಾಲ್‌ನಲ್ಲಿ 625, ಹಳೆಯ ಟಿ.ವಿ.ಗಳಲ್ಲಿ ಬಣ್ಣ ಹೋಗುತ್ತಿತ್ತು, ಚಿತ್ರ ಉರುಳುತ್ತಿತ್ತು. ಕಂಪ್ಯೂಟರಿಗೆ ಈ ತಕರಾರಿಲ್ಲ. ಆದರೆ ವಿದ್ಯಾರ್ಥಿಗಳೇ, ಸಿನಿಮಾ ನೋಡುವ ಆತುರದಲ್ಲಿ ಅದರ ಡ್ರೈವಿನ ವಲಯ ಪದೇ ಪದೇ ಬದಲಿಸಬೇಡಿ. ಸಾಮಾನ್ಯವಾಗಿ ಐದೇ ಅವಕಾಶ, ಐದನೆಯದೇ ಕಾಯಂ. ಮನೆಯಲ್ಲಿ ಬರೆದ ಡಿಸ್ಕಿನ ಬಣ್ಣದ ಪದರವಂತೂ ವರ್ಷ ಕಳೆದಂತೆ ಮಾಸುತ್ತದೆ. ಅಜ್ಜನ ದನಿ ಯಾವುದರಲ್ಲಿದೆಯೆಂದು ಅಮ್ಮನನ್ನು ಕೇಳಿ, ಮೊದಲು ಅದನ್ನು ಹಾರ್ಡ್‌ಡಿಸ್ಕಿಗೆ ನಕಲು ಮಾಡಿಕೊಳ್ಳಿ.